ರವ್ನಾ ಹುಲ್ಲು ಬೇಡವೆಂದಳು

ಉತ್ತರ ಧ್ರುವಕ್ಕೆ ಹತ್ತಿರದ ವುವೊತ್ಸೊ ಊರಾಚೆಯ ಸ್ಪ್ರೂಸ್ ಮರಗಳ ಕಾಡಿನಲ್ಲಿ ಹಿಮಸಾರಂಗ ಕಾಯುವ ರವ್ನಾಳಿಗೆ ಅರವತ್ತೆಂಟು. ಅವಳಿಗೆ ಎದುರಾಡುವ ಧೈರ್ಯ ಇದ್ದದ್ದು ತಮ್ಮ ಐಲುವಿಗೆ ಮಾತ್ರ. ಅಕ್ಕ ತಮ್ಮ ಇಬ್ಬರೂ ಐವತ್ತು ವರ್ಷದಿಂದ ಒಂದೇ ಮಂದೆ ಕಾಯುತ್ತಾರೆ, ಒಂದೇ ಕೆಟಲ್‌ನ ಕಾಫಿ ಕುಡಿಯುತ್ತಾರೆ, ದಿನಕ್ಕೆರಡು ಬಾರಿಯಾದರೂ ಜಗಳವಾಡುತ್ತಾರೆ.

ಆ ಜನವರಿಯಲ್ಲಿ ಮಳೆ ಬಂತು. ಹಿಮ ಬೀಳಬೇಕಾದ ತಿಂಗಳಲ್ಲಿ ಮಳೆ ಬಂದರೆ ಆಕಾಶಕ್ಕೂ ತಲೆ ಕೆಟ್ಟಿದೆ ಎಂದೇ ಲೆಕ್ಕ. ಮರುದಿನದ ಚಳಿಗೆ ನೆಲವೆಲ್ಲ ಗಾಜಿನಂತೆ ಗಟ್ಟಿಯಾಯಿತು. ಸಾರಂಗಗಳು ಗೊರಸಿನಿಂದ ಕೆರೆದು ಕೆರೆದು ಸೋತವು. ಅಡಿಯಲ್ಲಿದ್ದ ಕಲ್ಲುಹೂವು, ಅವುಗಳ ಚಳಿಗಾಲದ ಮೇವು, ಬಾಯಿಗೆ ಸಿಗಲಿಲ್ಲ. ಎರಡು ವಾರದಲ್ಲಿ ಪಕ್ಕೆಲುಬು ಎಣಿಸುವಂತಾಯಿತು.

ಐಲು ಹಿಮದ ಸ್ಕೂಟರಿಗೆ ಒಣಹುಲ್ಲಿನ ಹೊರೆ ಕಟ್ಟಿಕೊಂಡು ಬಂದ. ರವ್ನಾ ಅಡ್ಡ ನಿಂತಳು.

"ಹುಲ್ಲು ಬೇಡ ಕಣೋ. ಹಳೇ ಮರ ಕಡಿಯೋಣ. ಕೊಂಬೇಲಿ ಕಲ್ಲುಹೂವು ಕಪ್ಪಗೆ ಗಡ್ಡದ ಥರ ಜೋತಾಡ್ತಿದ್ಯಲ್ಲ, ಅದನ್ನ ತಿನ್ಲಿ."

"ಇನ್ನೂರು ವರ್ಷದ ಮರ ಅಕ್ಕ ಅವು. ಊರೆಲ್ಲ ಹುಲ್ಲೇ ಹಾಕ್ತಿದೆ."

"ಅವ್ರು ಮೊದ್ಲಿಂದ ಸ್ವಲ್ಪ ಸ್ವಲ್ಪ ಹಾಕ್ತಾ ಬಂದಿದಾರೆ."

"ವಯಸ್ಸಾದಂಗೆ ನಿನ್ ಹಟಾನೂ ಜಾಸ್ತಿ ಆಯ್ತು. ಸರಿ ಆಚೆ."

ರವ್ನಾ ಸರಿಯಲಿಲ್ಲ. ಮೂವತ್ತು ವರ್ಷ ನುಂಗಿಕೊಂಡಿದ್ದ ಮಾತು ಗಂಟಲಿಗೆ ಬಂದಿತ್ತು.

"ನೀನು ಕಾಲು ಮುರ್ಕೊಂಡು ಆಸ್ಪತ್ರೇಲಿದ್ದ ವರ್ಷ ನಿನ್ನ ಒಂಬತ್ತು ಸಾರಂಗ ಸತ್ವಲ್ಲ, ರೋಗ ಬಂತು ಅಂದಿದ್ದೆ. ಸುಳ್ಳು. ಹಸ್ದಿದಾವೆ ಅಂತ ನಾನೇ ಒಂದೇ ಸಲಕ್ಕೆ ಹುಲ್ಲು ಸುರಿದೆ. ಉಪವಾಸದ ಹೊಟ್ಟೆಗೆ ಅರಗ್ಲಿಲ್ಲ. ಹೊಟ್ಟೆ ತುಂಬ್ಕೊಂಡೇ ಸತ್ವು."

ಹಗ್ಗ ಬಿಚ್ಚುತ್ತಿದ್ದ ಐಲುವಿನ ಕೈ ನಿಂತಿತು. "ಕರಿಮೂತಿನೂ?" ಎಂದ. ತಾಯಿ ಸತ್ತ ಆ ಮರಿಗೆ ಅವನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ.

"ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಹಾಕಿದ್ದೆ," ಎಂದಳು ರವ್ನಾ. "ನಿನ್ನ ಮುದ್ದಿನದು ಅಂತ."

ಐಲು ಬಿಚ್ಚಿದ್ದ ಹಗ್ಗವನ್ನು ಹುಲ್ಲಿನ ಹೊರೆಗೆ ಮತ್ತೆ ಬಿಗಿದ. ಆಮೇಲೆ ಯಂತ್ರದ ಗರಗಸ ಹೆಗಲಿಗೇರಿಸಿ ಹಳೆಯ ಮರಗಳ ಕಡೆ ನಡೆದ. ಗರಗಸದ ಸದ್ದು ಕೇಳಿದ್ದೇ ಮಂದೆ ಎದ್ದುಬಿದ್ದು ಬಂತು. ಆ ಸದ್ದೆಂದರೆ ಊಟವೆಂದು ಹಿಂದಿನ ಚಳಿಗಾಲಗಳಿಂದಲೇ ಅವಕ್ಕೆ ಗೊತ್ತು. ಉರುಳಿದ ಮರಕ್ಕೆ ಮುತ್ತಿಕೊಂಡು ಕಪ್ಪು ಗಡ್ಡವನ್ನು ಎಳೆದೆಳೆದು ತಿಂದವು. ರವ್ನಾ ದೂರದಲ್ಲಿ ಬೆನ್ನು ಹಾಕಿ ನಿಂತು ಅತ್ತಳು. ಅಷ್ಟು ಗಟ್ಟಿ ಹೆಂಗಸು ಅತ್ತದ್ದನ್ನು ಕಂಡು ಐಲುವಿಗೆ ಪಾಪ ಎನಿಸಿತು.

ಐಲು ಬೆಂಕಿ ಹಾಕಿ ಕಾಫಿ ಕಾಸಿದ. ಮೊದಲ ಬಟ್ಟಲನ್ನು ತಂದು ಅವಳ ಕೈಗಿಟ್ಟ.

"ಮೂವತ್ತು ವರ್ಷ ಒಬ್ಳೇ ಹೊತ್ಕೊಂಡಿದ್ಯಾ," ಎಂದ. "ನನ್ಹತ್ರ ಹೇಳ್ಬಾರ್ದಿತ್ತಾ ಅಕ್ಕ?"