ಗುಳಿಗೆ ಕಸಿದುಕೊಂಡ ಸಿಸ್ಟರ್

ಸೋಪಿನಲ್ಲಿ ತೊಳೆದೂ ತೊಳೆದೂ ಸಿಸ್ಟರ್ ಬೆರಳ ತುದಿಗಳು ಬಿಳಿಚಿಕೊಂಡು, ಚರ್ಮ ಸುಲಿದಿರುತ್ತಿತ್ತು. ನನ್ನ ಕೈಯನ್ನೂ ಹಾಗೆಯೇ ಉಜ್ಜಿಸುತ್ತಿದ್ದರು. ಸಾಕು ಎಂದರೆ ಇನ್ನೊಮ್ಮೆ.

ಪವಾಯಿಯ ಒಂದು ಬಿಲ್ಡಿಂಗಿನಲ್ಲಿ ಟೈಲ್ಸ್ ಕೂಡಿಸುವಾಗ ಮೂರನೇ ಮಾಳಿಗೆಯಿಂದ ಬಿದ್ದು ನನ್ನ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಮೂತ್ರವನ್ನೂ ದಿನಕ್ಕೆ ಐದು ಸಲ ತೆಳು ಪೈಪ್ ಹಾಕಿಯೇ ತೆಗೆಯಬೇಕು. ಅದನ್ನು ಕಲಿಸಲು ನಮ್ಮ ಚಾಳಿನ ಖೋಲಿಗೆ ಬರುತ್ತಿದ್ದವರು ವಿಜಯಪುರದ ಕಡೆಯ ಈ ನಿವೃತ್ತ ನರ್ಸು. ಕಲಿಸುವುದಕ್ಕಿಂತ ಬೈಯುವುದೇ ಹೆಚ್ಚು.

ಮೂತ್ರ ಸ್ವಲ್ಪ ಕದಡಿದರೆ ಸಾಕು, ನನಗೆ ಜೀವ ಹಾರುತ್ತಿತ್ತು. ಹೆಂಡತಿಯನ್ನು ಮೆಡಿಕಲ್‌ಗೆ ಓಡಿಸಿ ಆಂಟಿಬಯಾಟಿಕ್ ಗುಳಿಗೆ ತರಿಸುತ್ತಿದ್ದೆ, ತಿಳಿಯಾದೊಡನೆ ಬಿಟ್ಟುಬಿಡುತ್ತಿದ್ದೆ. ಒಮ್ಮೆ ಸಿಸ್ಟರ್ ಹಾಸಿಗೆ ಎತ್ತಿದಾಗ ಅರ್ಧ ಖಾಲಿಯಾದ ಗುಳಿಗೆ ಸ್ಟ್ರಿಪ್ಪುಗಳ ರಾಶಿ ಸಿಕ್ಕಿತು.

"ಜ್ವರ ಇಲ್ಲ, ಚಳಿ ಇಲ್ಲ, ಬರೇ ಬಣ್ಣ ನೋಡಿ ನುಂಗತೀಯಲ್ಲ ತಮ್ಮಾ," ಎಂದರು. "ಜರ್ಮ್ಸಿಗೆ ನೀನೇ ಟ್ರೇನಿಂಗ್ ಕೊಡಾಕತ್ತೀ. ನಾಳೆ ಖರೇನ ಜಡ್ಡಾದಾಗ ಯಾವ ಔಷಧಾನೂ ನಾಟಂಗಿಲ್ಲ."

ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದರು. ನಡೆಯಲು ಬರುವವರಿಗೆ ಉಪದೇಶ ಸುಲಭ ಎಂದು ಒಳಗೊಳಗೇ ಉರಿದುಕೊಂಡೆ.

ತಂಗಿಯ ಮದುವೆ ಬಂತು. ಆ ದಿನ ಕೆಡಬಾರದೆಂದು, ಏನೂ ಆಗಿರದಿದ್ದರೂ ಮತ್ತೆ ಗುಳಿಗೆ ತರಿಸಿ ನುಂಗಿದೆ. ಮದುವೆ ಚೆನ್ನಾಗಿಯೇ ಆಯಿತು. ವಾರದೊಳಗೆ ಚಳಿಜ್ವರ ಹಿಡಿದು, ಸ್ಪರ್ಶವಿಲ್ಲದ ಕಾಲುಗಳು ತಾವಾಗಿಯೇ ಸೆಟೆಯತೊಡಗಿದವು. ಪರೇಲಿನ ಆಸ್ಪತ್ರೆಗೆ ಸೇರಿಸಿದರು. ಮೂತ್ರದ ರಿಪೋರ್ಟಿನಲ್ಲಿದ್ದ ಔಷಧಗಳಲ್ಲಿ ಒಂದನ್ನು ಬಿಟ್ಟು ಯಾವುದೂ ನಾಟುವುದಿಲ್ಲ, ಆ ಒಂದು ಇಂಜೆಕ್ಷನ್ನೂ ಕಿಡ್ನಿಗೆ ಪೆಟ್ಟು ಕೊಡಬಹುದು ಎಂದರು ಡಾಕ್ಟರು.

ಸಿಸ್ಟರ್ ಲೋಕಲ್ ಟ್ರೇನ್ ಹಿಡಿದು ಬಂದರು. ರಿಪೋರ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಬೈಗುಳಕ್ಕೆ ಕಾದೆ. ಅವರು ನನ್ನ ಹೆಂಡತಿಯನ್ನು ಊಟಕ್ಕೆ ಕಳಿಸಿ ಮಂಚದ ಪಕ್ಕ ಸುಮ್ಮನೆ ಕೂತರು. ಹತ್ತು ದಿನ ಹಾಗೆಯೇ ಬಂದು ಕೂತರು. ಬೈದಿದ್ದರೆ ವಾಸಿಯಿತ್ತು. ಕೊನೆಗೆ ನಾನೇ ತಡೆಯಲಾಗದೆ ತಪ್ಪಾಯಿತು ಎಂದೆ. "ಇವತ್ತು ಮೂತ್ರ ಎಷ್ಟಾತು, ಅಳದಾರೇನು?" ಎಂದರು, ಅಷ್ಟೇ.

ಬದುಕಿದೆ. ಅಲ್ಲಿಂದೀಚೆಗೆ ಪರೀಕ್ಷೆ ಮಾಡಿಸದೆ ಒಂದು ಗುಳಿಗೆಯನ್ನೂ ಮುಟ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಸಿಸ್ಟರಿಗೇ ಹುಷಾರಿಲ್ಲವೆಂದು ತಿಳಿದು ಫೋನ್ ಮಾಡಿದೆ. ಅವರ ಮಾತಿನ ನಡುವೆ ಏದುಸಿರು.

"ಜ್ವರ ಬಂದೈತೇನು?" ಎಂದು ಅವರೇ ನನ್ನನ್ನು ಕೇಳಿದರು.

"ಇಲ್ರಿ."

"ಚಳಿ?"

"ಇಲ್ರಿ, ನೀವು ಹೆಂಗದೀರಿ ಅಂತ..."

"ಮತ್ಯಾಕ ಫೋನ್ ಮಾಡೀ?" ಎಂದು ಇಟ್ಟೇಬಿಟ್ಟರು.

ನಾಲ್ಕನೇ ದಿನ ತೀರಿಕೊಂಡರು. ನಾನು ಹೇಳಬೇಕೆಂದಿದ್ದ ಒಂದು ಮಾತನ್ನೂ ಹೇಳಗೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.