ಬೀಗವಿಲ್ಲದ ಮನೆಗೊಂದು ಪಾಸ್‌ವರ್ಡ್

ಗೆಳೆಯರೇ, ಇವತ್ತು ನಮ್ಮ ವಿಜಯನಗರದ ಮನೆಯಲ್ಲಿ ನಾದಿನಿಯ ಸೀಮಂತದ ಫೋಟೋಗಳು ಹಾಲ್‌ನಿಂದ ರೂಮಿಗೆ ಬರಲು ಮಧ್ಯಾಹ್ನವಿಡೀ ಸತಾಯಿಸಿದವು. ಫೋಟೋಗಳಿದ್ದದ್ದು ಹಾಲ್‌ನಲ್ಲಿರುವ ಮಾವನವರ ವಿಂಡೋಸ್ ಕಂಪ್ಯೂಟರಿನಲ್ಲಿ. ಸಿಡಿ ರೈಟರ್ ಇರುವುದು ರೂಮಿನಲ್ಲಿರುವ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ. ಸಂಜೆಯ ಬಸ್ಸಿಗೆ ಹೊರಟಿದ್ದ ನಾದಿನಿಗೆ ಸಿಡಿ ಬೇಕೇ ಬೇಕು.

ಎರಡರ ನಡುವೆ ಕೇಬಲ್ ಎಳೆದವಳು ನಾನೇ. ಆದರೆ ನನ್ನ ಕಂಪ್ಯೂಟರಿನಿಂದ ಮಾವನವರ ಫೋಲ್ಡರ್ ತೆರೆಯಲು ಹೋದಾಗಲೆಲ್ಲ ಪಾಸ್‌ವರ್ಡ್ ಕೇಳುತ್ತಿತ್ತು. ಮಾವ ಪಾಸ್‌ವರ್ಡನ್ನೇ ಇಟ್ಟಿರಲಿಲ್ಲ; ಖಾಲಿ ಬಿಟ್ಟರೆ ಅದು ಒಪ್ಪುತ್ತಿರಲಿಲ್ಲ.

"ನಿನ್ನ ಲಿನಕ್ಸ್ ಹಣೆಬರಹಾನೇ ಇಷ್ಟು. ಸರ್ವಿಸ್‌ನೋರನ್ನ ಕರಿ" ಎಂದರು ನಮ್ಮ ಯಜಮಾನರು. ನನಗೆ ರೇಗಿತು.

ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದ ಮೇಲೆ ಗೊತ್ತಾಯಿತು. ಪಾಸ್‌ವರ್ಡೇ ಇಲ್ಲದ ಖಾತೆಯ ಹೆಸರಿನಲ್ಲಿ ಹೋದರೆ ಮಾವನವರ ವಿಂಡೋಸ್ ಬೇರೆ ಕಂಪ್ಯೂಟರನ್ನು ಒಳಗೇ ಬಿಡುವುದಿಲ್ಲ.

"ಮಾವ, ನಿಮ್ಮ ಕಂಪ್ಯೂಟರ್‌ಗೆ ಒಂದು ಪಾಸ್‌ವರ್ಡ್ ಹಾಕ್ಬೇಕು."

"ನಮ್ಮನೇಲಿ ಬೀರೂಗೇ ಬೀಗ ಹಾಕಲ್ಲ, ಇದಕ್ಯಾಕಮ್ಮ?"

"ಬೀಗ ಹಾಕಿದ್ರೇನೇ ಇದು ಬಾಗಿಲು ತೆಗೆಯೋದು, ಮಾವ."

ಮಾವ ಜೋರಾಗಿ ನಕ್ಕರು. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತಿ, ಅದೇನೆಂದು ನನ್ನ ಕಿವಿಯಲ್ಲಿ ಹೇಳಿದರು. ಐದು ನಿಮಿಷದಲ್ಲಿ ಸೀಮಂತವೆಲ್ಲ ನನ್ನ ರೂಮಿನಲ್ಲಿತ್ತು! ನಾದಿನಿ ಸಿಡಿ ಹಿಡಿದೇ ಬಸ್ ಹತ್ತಿದಳು.

ಈಗ ಯಜಮಾನರು ಮೇಲ್ ನೋಡಲು ಹಾಲ್‌ನಲ್ಲಿ ಕುಳಿತಿದ್ದಾರೆ. "ಅಪ್ಪಾ, ಪಾಸ್‌ವರ್ಡ್ ಏನು?"

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

"ಅದು ನನಗೆ ಗೊತ್ತು, ನನ್ನ ಸೊಸೆಗೆ ಗೊತ್ತು. ನೀನು ಸರ್ವಿಸ್‌ನೋರನ್ನ ಕರಿ."