ಬೇಲಿಯಿಂದ ಒಳಗೆ ಸರಿದ ಬಾನಿ

ನಮ್ಮ ಪಕ್ಕದ ಮನೆಯ ಗೌಡರಲ್ಲಿ ಜೀತಕ್ಕಿದ್ದವನಿಗೆ ಬಿಡುಗಡೆಯಾದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ಹೊನ್ನಾಳಿಯಿಂದ ಜೀಪಿನಲ್ಲಿ ಬಂದ ಅಧಿಕಾರಿ, ಗೋವಿನಕೋವಿ ಕಡೆಯ ನಮ್ಮ ಹಳ್ಳಿಯ ಕಟ್ಟೆಯ ಮೇಲೆ ನಿಂತು, ಇನ್ನು ಮುಂದೆ ಯಾರನ್ನಾದರೂ ಬಲವಂತವಾಗಿ ಜೀತ ಮಾಡಿಸಿದರೆ ಜೈಲು ಎಂದು ಓದಿ ಹೇಳಿದರು. ನಾನು ಆಗಷ್ಟೇ ಬಿ.ಎ. ಮುಗಿಸಿ ಬಂದಿದ್ದೆ. ಅವರ ಮಾತು ಇಂದಿಗೂ ನೆನಪಿದೆ ಅಂದುಕೊಂಡಿದ್ದೇನೆ. ಆಮೇಲೆ ಪುಸ್ತಕದಲ್ಲಿ ಓದಿದ್ದನ್ನೇ ಅವರ ಬಾಯಿಗೆ ಹಾಕಿರಲೂಬಹುದು.

ಗೌಡರ ಬೇಲಿಯಾಚೆ ಅವನೂ ಅವನ ಹೆಂಡತಿಯೂ ಕಬ್ಬಿನ ಸೋಗೆಯ ಗುಡಿಸಲು ಹಾಕಿಕೊಂಡರು. ಅವಳು ಜಗಳೂರು ಕಡೆಯವಳು, ಒಳ್ಳೆಯ ಮಾತುಗಾತಿ.

ತೊಡಕು ಬಂದದ್ದು ಗೌಡರ ಎತ್ತುಗಳಿಂದ. ದನಕ್ಕೆ ನೀರು ಕುಡಿಸುವಾಗ ಸಿಳ್ಳೆ ಹಾಕುವುದು ನಮ್ಮಲ್ಲಿ ರೂಢಿ. ಕರುಗಳಾಗಿದ್ದಾಗಿನಿಂದ ಅವನೇ ಸಾಕಿದ ಆ ಜೋಡಿ ಮಾತ್ರ ಅವನ ಸಿಳ್ಳೆಗಲ್ಲದೆ ನೀರಿನ ತಗಡಿನ ಬಾನಿಗೆ ಮೂತಿ ಇಡುತ್ತಿರಲಿಲ್ಲ. ಮೊದಲ ದಿನ ಬೇಲಿಯ ಪಕ್ಕದಲ್ಲೇ ಇದ್ದ ತುಂಬಿದ ಬಾನಿಯ ಮುಂದೆ ನಿಂತು ಗುಡಿಸಲ ಕಡೆ ನೋಡುತ್ತಾ ಒದರಿದವು. ಬಾಯಾರಿಕೆ ಹೆಚ್ಚಾದರೆ ತಾವಾಗಿಯೇ ಕುಡಿಯುತ್ತಿದ್ದವೇನೋ ಎಂದು ಈಗ ಅನಿಸುತ್ತದೆ. ಅಲ್ಲಿಯವರೆಗೆ ಅವನಿಗೆ ತಡೆಯಲಾಗಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತೇ ಸಿಳ್ಳೆ ಹಾಕಿದ. ಎತ್ತುಗಳು ಕುಡಿದವು.

“ಕುಂತಲ್ಲೇ ದುಡೀತಾನಲ್ಲೋ! ಸರ್ಕಾರದ ಅಳಿಯ ಆಗ್ಯಾನೆ ನನ್ಮಗ,” ಎಂದು ಗೌಡರು ನಕ್ಕರು.

ಮರುದಿನ ಬಾನಿ ಒಂದಿಷ್ಟು ಒಳಗಿತ್ತು. ಸಿಳ್ಳೆ ಮುಟ್ಟಲೆಂದು ಅವನು ಬೇಲಿಯವರೆಗೆ ಬಂದ. ಅದರಾಚೆಯ ದಿನ ಬಾನಿ ಇನ್ನೂ ಒಳಗೆ ಹೋಗಿತ್ತು. ಅವನು ಬೇಲಿ ದಾಟಿದ. ಗೌಡರು ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಬೇರೆಲ್ಲೋ ನೋಡುತ್ತಿದ್ದರು. ಯಾರೂ ಅವನನ್ನು ಕರೆಯಲಿಲ್ಲ.

ಇದು ಮೊದಲು ಅರ್ಥವಾದದ್ದು ಅವನ ಹೆಂಡತಿಗೆ. ಹಾಡಹಗಲೇ ಅಂಗಳಕ್ಕೆ ನುಗ್ಗಿ ಬಾನಿಯನ್ನು ಬೇಲಿಯ ತನಕ ಎಳೆದಳು. ಕಲ್ಲಿನ ಮೇಲೆ ತಗಡು ಕೊರೆಯುವ ಆ ಸದ್ದಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

“ಏಯ್, ನಮ್ಮ ಬಾನಿ ಮುಟ್ಟಾಕೆ ನೀನ್ಯಾರೇ?”

“ಸಿಳ್ಳೆ ಬೇಕಂದ್ರೆ ಬಾನಿ ಇಲ್ಲೇ ಇರ್ಲಿ ಗೌಡ್ರೆ. ಒಳಗೆ ನನ್ನ ಗಂಡ ಬರಾಕಿಲ್ಲ.”

ಗಂಡನ ಕಡೆ ತಿರುಗಿ, “ಎತ್ತು ಅವರವು. ಕಾಲು ನಿನ್ನವು. ತಿಳೀತಾ?” ಎಂದಳು.

“ಮೂಕಪ್ರಾಣಿ ಕಣೇ.”

“ನಾನು ಮೂಕಿ ಅಲ್ಲವಲ್ಲ, ಅದಕ್ಕೇ ನನ್ನ ಕೂಗು ನಿಂಗೆ ಕೇಳಂಗಿಲ್ಲ.”

ಮಧ್ಯಾಹ್ನ ಅವಳು ಹೊರಗೆ ಎಳೆಯುವಳು, ಸಂಜೆ ಗೌಡರ ಆಳುಗಳು ಒಳಗೆ ಸರಿಸುವರು. ಹೀಗೇ ನಡೆಯಿತು. ಒಳಗೆ ಹೋದಷ್ಟು ಅದು ಹೊರಗೆ ಬರುತ್ತಿರಲಿಲ್ಲ. ಸಿಳ್ಳೆಗೆ ಬಂದವನು ಸಗಣಿ ಬಾಚಿದ. ಬಾಚಿದವನು ಹುಲ್ಲು ಹಾಕಿದ.

ಜೀಪು ಮತ್ತೆ ಬಂದ ಹೊತ್ತಿಗೆ ಬಾನಿ ಕೊಟ್ಟಿಗೆಯ ಬಾಗಿಲಲ್ಲಿತ್ತು. ಅವನು ಸಗಣಿ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದ.

“ಯಾರಪ್ಪ ನಿನ್ನ ಕರೆದದ್ದು?” ಅಧಿಕಾರಿ ಕೇಳಿದರು.

“ಯಾರೂ ಇಲ್ಲ ಸ್ವಾಮಿ. ನಾನೇ ಬಂದೆ.”

“ಹೆದರಿಸಿದ್ರಾ? ಹೊಡೆದ್ರಾ?”

“ಇಲ್ಲ ಸ್ವಾಮಿ.”

“ಕೇಳ್ರಿ ಸಾಹೇಬ್ರೆ, ಚೆನ್ನಾಗಿ ಕೇಳ್ರಿ,” ಎಂದರು ಗೌಡರು.

ಆಗ ಯಾರೋ, “ಬಾನಿ ಸರಿಸಿದ್ರು ಸಾರ್” ಎಂದರು. ಅದು ನಾನು ಎಂದೇ ಬಹಳ ವರ್ಷ ನಂಬಿದ್ದೆ. ಅಮ್ಮನ ಪ್ರಕಾರ ಅಂದದ್ದು ಅವನ ಹೆಂಡತಿ. ನಾನು ನಮ್ಮ ಮನೆಯ ಕಿಟಕಿ ಬಿಟ್ಟು ಹೊರಗೆ ಬಂದೇ ಇರಲಿಲ್ಲವಂತೆ.

“ಬಾನಿ ಸರಿಸಿದ್ದಕ್ಕೆ ಯಾವ ಸೆಕ್ಷನ್ ಹಾಕ್ಲಮ್ಮ? ಎತ್ತನ್ನ ಒಂದನೇ ಆರೋಪಿ ಮಾಡ್ಲಾ?” ಎಂದರು ಅಧಿಕಾರಿ. ಜನ ನಕ್ಕರು. ಅಧಿಕಾರಿ ಕೆಟ್ಟವರಲ್ಲ. ಬಲವಂತವಾಯಿತು ಎಂದು ಅವನ ಬಾಯಿಂದ ಒಂದೇ ಒಂದು ಮಾತಿಗಾಗಿ ಸುಮಾರು ಹೊತ್ತು ಕಾದರು. ಕೊನೆಗೆ ಜೀಪು ಹತ್ತಿದರು.

ಅವಳು ಬಾನಿಯ ಬಳಿ ಹೋಗಿ ಎರಡೂ ಕೈಯಲ್ಲಿ ಅದರ ಅಂಚು ಹಿಡಿದಳು. ಎಳೆಯಲಿಲ್ಲ. ಗುಡಿಸಲಿಗೆ ಹೋಗಿ ಅವನ ಕಂಬಳಿ ತಂದಳು, ಕೊಟ್ಟಿಗೆಯ ಹೊಸ್ತಿಲ ಮೇಲಿಟ್ಟಳು, ತನ್ನ ಗಂಟು ಎತ್ತಿಕೊಂಡು ನ್ಯಾಮತಿಯ ದಾರಿ ಹಿಡಿದಳು. ಅವನು ಅವಳನ್ನು ಕೂಗಲಿಲ್ಲ. ಬಾನಿಯ ಕಡೆ ತಿರುಗಿ ಸಿಳ್ಳೆ ಹಾಕತೊಡಗಿದ. ಎತ್ತುಗಳು ಕುಡಿದು ಮುಗಿಸಿ ಮೂತಿ ಎತ್ತಿದವು. ಅವಳು ತಿರುವಿನಲ್ಲಿ ಮರೆಯಾದಳು. ಅವನು ಇನ್ನೂ ಸಿಳ್ಳೆ ಹಾಕುತ್ತಲೇ ಇದ್ದ.